ಬಿಟ್ಟ ತಂತಿಯ ನಾದ

ರೆಕಾರ್ಡಿನ ಮುಖಪುಟದಲ್ಲಿ ಕುಡ್ಜು ಬಳ್ಳಿ ಇತ್ತು; ಅದಕ್ಕೇ ಎತ್ತಿಕೊಂಡೆ. 2008ರ ಅಕ್ಟೋಬರ್ ತಿಂಗಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ, ಶೇಂಗಾದ ಎಲೆಚುಕ್ಕೆ ರೋಗದ ಮೇಲೆ ಪಿಎಚ್.ಡಿ. ಮಾಡಲೆಂದು ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿಗೆ ಬಂದು ಎರಡು ತಿಂಗಳಾಗಿತ್ತು. ನಮ್ಮ ಕಡೆ ರೈತರು ಟಿಕ್ಕಾ ರೋಗ ಅನ್ನುತ್ತಾರಲ್ಲ, ಅದೇ. ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಶೇಂಗಾ ಬೆಳೆಯುವ ರಾಜ್ಯ ಜಾರ್ಜಿಯಾ. ಆ ಶನಿವಾರ ಪೇಟೆಗೆ ಬಂದವಳು, ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಇದೆಯಲ್ಲ ಎಂದು ಮೂಲೆಯ ಹಳೆಯ ರೆಕಾರ್ಡ್ ಅಂಗಡಿಯೊಂದನ್ನು ಹೊಕ್ಕೆ. ವಕ್ಸ್‌ಟ್ರಿ ಅಂತ ಅದರ ಹೆಸರು.

ಕುಡ್ಜು ದ್ವಿದಳ ಜಾತಿಯ ಬಳ್ಳಿ. ಶೇಂಗಾಕ್ಕೂ ಅವರೆಗೂ ದಾಯಾದಿ. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ಪ್ರದರ್ಶನಕ್ಕೆ ಜಪಾನಿನಿಂದ ಬಂದದ್ದನ್ನು 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಿರಲೆಂದು ಸರ್ಕಾರವೇ ಮುಂದೆ ನಿಂತು ರೈತರಿಂದ ನೆಡಿಸಿತು. ಈಗ ಆ ದಕ್ಷಿಣದ ರಾಜ್ಯಗಳಲ್ಲಿ ವಿದ್ಯುತ್ ಕಂಬ, ಮರ, ಪಾಳುಮನೆ ಎಲ್ಲವನ್ನೂ ಅದು ಕಂಬಳಿಯಂತೆ ಮುಚ್ಚಿಬಿಟ್ಟಿದೆ. (ಮರುವರ್ಷ ಅದರ ರಸ ಹೀರುವ ತಿಗಣೆಯೊಂದು ಏಷ್ಯಾದಿಂದ ಜಾರ್ಜಿಯಾಕ್ಕೆ ಬಂದಿಳಿದು ನಮ್ಮ ಪ್ರಯೋಗಾಲಯದವರೆಲ್ಲ ತಲೆ ಕೆಡಿಸಿಕೊಂಡರು. ನೋಡಿದರೆ ನಮ್ಮ ಅವರೆ ಬಳ್ಳಿಗೆ ಮುತ್ತುವ ಅದೇ ಹುಳ!) ಇಂಥ ಬಳ್ಳಿಯನ್ನು ಹಾಡಿನ ರೆಕಾರ್ಡಿನ ಮೇಲೆ ಯಾಕೆ ಅಚ್ಚು ಹಾಕಿದ್ದಾರೆ? ಹಾಡುಗಾರರ ಮುಖ ಇಲ್ಲ, ಬಣ್ಣದ ಬಟ್ಟೆ ಇಲ್ಲ. ಮಬ್ಬು ಬೆಳಕಿನಲ್ಲಿ ನೆಲ ಕಾಣದಂತೆ ಹಬ್ಬಿದ ಬಳ್ಳಿ. ತಿರುಗಿಸಿದರೆ ಹಿಂದೆ ಒಂದು ಮರದ ರೈಲು ಸೇತುವೆ. ವಾದ್ಯವೃಂದದ ಹೆಸರು ಆರ್.ಇ.ಎಂ., ರೆಕಾರ್ಡಿನ ಹೆಸರು ‘ಮರ್ಮರ್’, ವರ್ಷ 1983.

ಕೌಂಟರಿನಲ್ಲಿದ್ದ ನರೆಗೂದಲಿನ ಮನುಷ್ಯ ನನ್ನ ಕೈಯಲ್ಲಿದ್ದುದನ್ನು ನೋಡಿ, ಆ ಸೇತುವೆ ಇದೇ ಊರಿನದು, ಇಲ್ಲಿಂದ ನಡೆದುಕೊಂಡೇ ಹೋಗಬಹುದು ಅಂದ. ಇನ್ನೊಂದು ಮಾತನ್ನೂ ಹೇಳಿದ. ಈ ವೃಂದದ ಗಿಟಾರ್ ವಾದಕ ಪೀಟರ್ ಬಕ್ ಮೊದಲು ಇದೇ ಅಂಗಡಿಯಲ್ಲಿ ಕೆಲಸಕ್ಕಿದ್ದ. ತನಗಾಗಿ ಅಂತ ಅವನು ಎತ್ತಿಟ್ಟ ರೆಕಾರ್ಡುಗಳನ್ನೆಲ್ಲ ಒಬ್ಬ ವಿದ್ಯಾರ್ಥಿ ಬಂದು ಕೊಂಡುಹೋಗುತ್ತಿದ್ದ. ಆ ವಿದ್ಯಾರ್ಥಿಯೇ ಮೈಕಲ್ ಸ್ಟೈಪ್, ಮುಂದೆ ಇದೇ ವೃಂದದ ಹಾಡುಗಾರ. ಅಂಗಡಿಯ ಗಿರಾಕಿ ಮತ್ತು ನೌಕರ, ಇಬ್ಬರ ರುಚಿಯೂ ಒಂದೇ ಆದದ್ದರಿಂದ ಹುಟ್ಟಿದ ಸಂಗೀತ! ಎಲ್‌ಪಿ ತೆಗೆದುಕೊಂಡರೆ ಹಾಕಲು ನನ್ನಲ್ಲಿ ಯಂತ್ರವಿರಲಿಲ್ಲ. ಹಳೆಯ ಸಿಡಿಯನ್ನೇ ಕೊಂಡೆ.

ಅಲ್ಲಿಯವರೆಗೆ ಗಿಟಾರ್ ಅಂದರೆ ನನಗೆ ಎರಡು ಸಂಗತಿ ಗೊತ್ತಿತ್ತು. ಒಂದು, 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಕಟ್ಟಿದ ಹಾಡುಗಳಲ್ಲಿ ಕೇಳಿದ್ದು. ಇನ್ನೊಂದು, ಕಾಲೇಜಿನ ಗೆಳೆಯರು ಕೇಳುತ್ತಿದ್ದ ಹೆವಿ ಮೆಟಲ್. ಅದರಲ್ಲಿ ಗಿಟಾರ್ ಎಂದರೆ ಗುಡುಗು, ನಡುವೆ ಒಬ್ಬ ಮುಂದೆ ಬಂದು ಬೆರಳಿನ ವೇಗ ತೋರಿಸುವುದು. ‘ಮರ್ಮರ್’ನಲ್ಲಿ ಇವೆರಡೂ ಇರಲಿಲ್ಲ. ರಾತ್ರಿ ಪ್ರಯೋಗಾಲಯದಲ್ಲಿ ಶೇಂಗಾದ ಎಲೆಗಳ ಮೇಲಿನ ಚುಕ್ಕೆ ಎಣಿಸುತ್ತ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದೆ. ನಾಲ್ಕನೆಯ ಹಾಡಿನ ಹೊತ್ತಿಗೆ ಎಣಿಕೆ ತಪ್ಪಿತು. ಮೊದಲಿಂದ ಎಣಿಸಲು ಕೂತೆ, ಮತ್ತೆ ತಪ್ಪಿತು. ಈ ಸದ್ದು ನನಗೆ ಗೊತ್ತಿದೆ, ಎಲ್ಲೋ ಕೇಳಿದ್ದೇನೆ, ಎಲ್ಲಿ?

ಮನೆಯಲ್ಲಿ. ಧಾರವಾಡದ ಸಪ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಹುಡುಗಿಯರಿಗೆ ಹಾಡು ಹೇಳಿಕೊಡುತ್ತಿದ್ದಳು. ತಂಬೂರಿ ಹಿಡಿದು ಕೂಡುವ ಕೆಲಸ ನನಗೆ. ಮಿರಜಿನಲ್ಲಿ ಮಾಡಿಸಿದ ತಂಬೂರಿ, ನನ್ನ ಕೈಯಲ್ಲಿ ಹಿಡಿಸದಷ್ಟು ದೊಡ್ಡ ಬುರುಡೆ. ಏಳೆಂಟು ವರ್ಷದವಳಿದ್ದಾಗ ನಾನು ತಂತಿಯನ್ನು ಬಲವಾಗಿ ಎಳೆದು ಮೀಟುತ್ತಿದ್ದೆ. ಅವ್ವ ಹಾಡು ನಿಲ್ಲಿಸಿ ಅನ್ನುತ್ತಿದ್ದಳು: “ಹೊಡೀಬ್ಯಾಡವ್ವಾ, ಸವರಿ ಬಿಡು. ಮುಂದ ಅದು ತಾನ ಮಾತಾಡ್ತೈತಿ.” ಬಿಡು ಅನ್ನುವ ಆ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಬೆರಳು ತೆಗೆದ ಮೇಲೆ ನಾದ ಅರಳಬೇಕು, ಒಂದು ತಂತಿಯದು ಆರುವ ಮುನ್ನ ಮುಂದಿನದು ಸೇರಬೇಕು, ನಾಲ್ಕೂ ಕೂಡಿ ಒಂದು ಮಂಜಿನಂತೆ ಕೋಣೆ ತುಂಬಬೇಕು. ಪೀಟರ್ ಬಕ್‌ನ ಗಿಟಾರ್ ಮಾಡುತ್ತಿದ್ದುದು ಅದನ್ನೇ.

ಇಂಗ್ಲಿಷಿನಲ್ಲಿ ಈ ಬಗೆಯ ಗಿಟಾರಿಗೆ ಜ್ಯಾಂಗಲ್ ಅನ್ನುತ್ತಾರೆ. ಕೀಲಿಕೈ ಗೊಂಚಲು ಅಲ್ಲಾಡಿದಾಗ, ಗಾಜಿನ ಬಳೆ ಒಂದಕ್ಕೊಂದು ತಾಗಿದಾಗ, ಎತ್ತಿನ ಕೊರಳ ಗೆಜ್ಜೆಸರ ನಡೆಗೆ ತಕ್ಕಂತೆ ಕುಣಿದಾಗ ಏಳುತ್ತದಲ್ಲ, ಆ ಕಿಣಿಕಿಣಿ. ಹೇಗೆ ಹುಟ್ಟಿಸುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದು ಗೊತ್ತಾದ ಮೇಲೆ ಕೇಳುವ ಸುಖ ಹೆಚ್ಚುತ್ತದೆ.

ಗಿಟಾರಿಗೆ ಆರು ತಂತಿ. ಸಾಮಾನ್ಯ ರಾಕ್ ಸಂಗೀತದಲ್ಲಿ ಕೆಲವು ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿದು ಒಂದೇ ಏಟಿಗೆ ಬಾರಿಸುತ್ತಾರೆ. ಆಂಪ್ಲಿಫೈಯರಿನಲ್ಲಿ ಆ ಸದ್ದನ್ನು ಒರಟಾಗಿಸುತ್ತಾರೆ. ಜ್ಯಾಂಗಲ್ ಬಗೆಯಲ್ಲಿ ಅದೇ ಸ್ವರಗುಚ್ಛವನ್ನು ಬಿಡಿಬಿಡಿಯಾಗಿ, ಒಂದೊಂದೇ ತಂತಿಯಾಗಿ ಮೀಟುತ್ತ ಹೋಗುತ್ತಾರೆ. ಎಡಗೈ ಬೆರಳು ಒಂದೆರಡು ತಂತಿಯ ಮೇಲಷ್ಟೇ ಓಡಾಡುತ್ತದೆ, ಉಳಿದವನ್ನು ಮುಟ್ಟದೆ ಬಿಟ್ಟಿರುತ್ತಾರೆ. ಕೆಳಗೆ ಸ್ವರಗುಚ್ಛ ಬದಲಾದರೂ ಬಿಟ್ಟ ತಂತಿ ಮಾತ್ರ ತನ್ನ ಸ್ವರ ಬಿಡದೆ ನುಡಿಯುತ್ತಿರುತ್ತದೆ. ಹಾಡು ಎಲ್ಲಿಗೆ ಹೋದರೂ ಷಡ್ಜ ಜೊತೆಗಿರುವಂತೆ. ಸದ್ದಿಗೆ ಒರಟುತನ ಬೆರೆಸದೆ ತಂತಿಯ ಲೋಹದ ಹೊಳಪನ್ನು ಹಾಗೇ ಉಳಿಸುತ್ತಾರೆ.

ಇದರ ತಾಯಿಬೇರು 1960ರ ದಶಕದ ಹನ್ನೆರಡು ತಂತಿಯ ಗಿಟಾರಿನಲ್ಲಿದೆ. ಕ್ಯಾಲಿಫೋರ್ನಿಯಾದ ರಿಕನ್‌ಬ್ಯಾಕರ್ ಕಂಪನಿ ಮಾಡಿದ ಇಂಥದೊಂದು ವಿದ್ಯುತ್ ಗಿಟಾರ್ 1964ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೈ ಸೇರಿತು. ತಂತಿಗಳು ಜೋಡಿಯಾಗಿರುತ್ತವೆ. ಕೆಳಗಿನ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಇನ್ನೊಂದಕ್ಕಿಂತ ಒಂದು ಸಪ್ತಕ ಮೇಲೆ, ಮೇಲಿನ ಎರಡು ಜೋಡಿಗಳಲ್ಲಿ ಎರಡೂ ಒಂದೇ ಸ್ವರ. ಎಷ್ಟು ಶ್ರುತಿ ಮಾಡಿದರೂ ಜೋಡಿಯ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಆ ವ್ಯತ್ಯಾಸವೇ ಕೆರೆಯ ನೀರಿನ ಮೇಲೆ ಬೆಳಕು ನಡುಗಿದಂತೆ ಸದ್ದನ್ನು ನಡುಗಿಸುತ್ತದೆ. ಹ್ಯಾರಿಸನ್ ಅದನ್ನು ನುಡಿಸಿದ ಸಿನಿಮಾ ನೋಡಿ, ಬರ್ಡ್ಸ್ ಎಂಬ ವೃಂದದ ರಾಜರ್ ಮೆಕ್‌ಗ್ವಿನ್ ತಾನೂ ಒಂದು ಕೊಂಡ. ಬಾಬ್ ಡಿಲನ್ ಬರೆದ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಹಾಡನ್ನು ಬರ್ಡ್ಸ್ 1965ರಲ್ಲಿ ಅದರ ಮೇಲೆ ಹಾಡಿತು. ಜ್ಯಾಂಗಲ್ ಎಂಬ ಪದ ಆ ಹಾಡಿನ ಸಾಹಿತ್ಯದಲ್ಲೇ ಬರುತ್ತದೆ. ಮೀಟಿದ ತಂತಿಯ ಸದ್ದು ಬೇಗ ಸಾಯುತ್ತದೆ, ಅದು ಗಿಟಾರಿನ ಸ್ವಭಾವ. ಮೆಕ್‌ಗ್ವಿನ್‌ನ ಗಿಟಾರನ್ನು ಸ್ಟುಡಿಯೋದಲ್ಲಿ ಕಂಪ್ರೆಸರ್ ಎಂಬ ಉಪಕರಣದ ಮೂಲಕ ಹಾಯಿಸಿದರು. ಮೀಟಿದ ಕ್ಷಣದ ಜೋರನ್ನು ಅದು ತಗ್ಗಿಸಿ, ಹಿಂದೆ ಉಳಿಯುವ ಬಾಲವನ್ನು ಎತ್ತಿ ಕೇಳಿಸುತ್ತದೆ. ನಮ್ಮಲ್ಲಿ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಸರಿಸಿ ಜವಾರಿ ಕೂಡಿಸುತ್ತಾರೆ. ದಾರಿ ಬೇರೆ, ಬೇಕಾದದ್ದು ಒಂದೇ: ಬೆರಳು ಬಿಟ್ಟ ಮೇಲೂ ನಾದ ಬದುಕಬೇಕು.

ಹೋಲಿಕೆ ನನ್ನ ಕಿವಿಯ ಭ್ರಮೆ ಇರಬಹುದೆಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಬರ್ಡ್ಸ್ ವೃಂದದವರು ರವಿಶಂಕರರ ಸಿತಾರ್ ಕೇಳಿ ಹುಚ್ಚಾಗಿದ್ದರು. ಊರೂರು ತಿರುಗುವ ಬಸ್ಸಿನಲ್ಲಿ ರವಿಶಂಕರ್ ಮತ್ತು ಜಾಝ್ ವಾದಕ ಜಾನ್ ಕೊಲ್ಟ್ರೇನ್ ಅವರ ಸಂಗೀತದ ಟೇಪನ್ನೇ ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದರು. 1966ರ ‘ಏಟ್ ಮೈಲ್ಸ್ ಹೈ’ ಹಾಡು ಆ ಕೇಳ್ಮೆಯ ಫಲ. ಜಾರ್ಜಿಯಾದ ರಾತ್ರಿಯಲ್ಲಿ ನನ್ನ ಅವ್ವನ ತಂಬೂರಿ ನೆನಪಾದದ್ದಕ್ಕೆ ಹಿಂದೆ ಇಷ್ಟಾದರೂ ಒಂದು ದಾರಿ ಇತ್ತು.

ಹಾಗಾದರೆ ಇದು ಎಂಬತ್ತರ ದಶಕದಲ್ಲಿ ಯಾಕೆ ಮತ್ತೆ ಚಿಗುರಿತು? ಆಗಿನ ಅಮೆರಿಕ, ಇಂಗ್ಲೆಂಡುಗಳ ರೇಡಿಯೋವನ್ನು ನೆನೆಯಬೇಕು. ಸಿಂಥಸೈಜರ್ ಬಂದಿತ್ತು, ಡ್ರಮ್ಮಿನ ಸದ್ದು ಗೋದಾಮಿನಲ್ಲಿ ಬಡಿದಂತೆ ದೊಡ್ಡದಾಗಿತ್ತು. 1981ರ ಆಗಸ್ಟಿನಲ್ಲಿ ಎಂಟಿವಿ ಶುರುವಾಗಿ, ಹಾಡು ಕೇಳಿಸುವುದರ ಜೊತೆಗೆ ಕಾಣಿಸುವುದೂ ಮುಖ್ಯವಾಯಿತು. ಎಲ್ಲವೂ ನುಣುಪು, ಎಲ್ಲವೂ ದುಬಾರಿ. ಅದಕ್ಕೆ ಸ್ವಲ್ಪ ಮುಂಚೆ, 1976-77ರಲ್ಲಿ, ಪಂಕ್ ಚಳವಳಿ ಬಂದು ಹೋಗಿತ್ತು. ಮೂರು ಸ್ವರಗುಚ್ಛ ಬಂದರೆ ಸಾಕು, ನೀನೂ ವೇದಿಕೆ ಹತ್ತಬಹುದು, ನಿನ್ನ ರೆಕಾರ್ಡನ್ನು ನೀನೇ ಹೊರತರಬಹುದು ಎಂಬ ಧೈರ್ಯವನ್ನು ಅದು ಬಿಟ್ಟುಹೋಗಿತ್ತು. ಆ ಧೈರ್ಯ ಇತ್ತು, ಆದರೆ ಪಂಕ್‌ನ ಸಿಟ್ಟು ಎಲ್ಲರ ಸ್ವಭಾವವಲ್ಲ. ಸಿಟ್ಟಿಲ್ಲದ, ನಾಚಿಕೆಯ, ಪುಸ್ತಕ ಓದುವ ಹುಡುಗ ಹುಡುಗಿಯರು ಅಣ್ಣಂದಿರ ಹಳೆಯ ಬರ್ಡ್ಸ್ ರೆಕಾರ್ಡುಗಳನ್ನು ಹೊರತೆಗೆದರು.

ನನ್ನನ್ನು ಬಹಳ ಹಿಡಿದದ್ದು ಇವರೆಲ್ಲ ಯಾವ ಯಾವ ಊರಿನವರು ಎಂಬುದು. ನ್ಯೂಯಾರ್ಕಿನವರಲ್ಲ, ಲಂಡನ್ನಿನವರಲ್ಲ. ಅಥೆನ್ಸ್, ವಿನ್‌ಸ್ಟನ್-ಸೇಲಮ್, ಗ್ಲಾಸ್ಗೋ, ಬ್ರಿಸ್ಬೇನ್, ಡುನೀಡಿನ್. ಬಹಳಷ್ಟು ಕಡೆ ಒಂದು ವಿಶ್ವವಿದ್ಯಾಲಯ, ಕಡಿಮೆ ಬಾಡಿಗೆಯ ಹಳೆಯ ಮನೆಗಳು, ಸಂಜೆ ಏನೂ ನಡೆಯದ ಬೀದಿಗಳು. ಧಾರವಾಡದವಳಾದ ನನಗೆ ಇದು ಬೇಗ ಅರ್ಥವಾಯಿತು. ಮುಂಬಯಿಯಿಂದ ದೂರವಿದ್ದ ನಮ್ಮೂರಿನಲ್ಲಿ ಮಲ್ಲಿಕಾರ್ಜುನ ಮನಸೂರರು ಬೆಳಗಿನ ಜಾವ ಹಾಡುತ್ತಿದ್ದರು. 1950ರಲ್ಲಿ ಶುರುವಾದ ಆಕಾಶವಾಣಿ ಅದನ್ನು ಹಳ್ಳಿಹಳ್ಳಿಗೆ ಒಯ್ದಿತು. ಆ ಊರುಗಳಿಗೂ ಅವರದೇ ಆಕಾಶವಾಣಿಗಳಿದ್ದವು. ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಎಫ್‌ಎಂ ಕೇಂದ್ರಗಳಿರುತ್ತವೆ. ಯಾವ ಹಾಡು ಹಾಕಬೇಕೆಂದು ಅಲ್ಲಿ ವ್ಯಾಪಾರಿಗಳು ಹೇಳುವುದಿಲ್ಲ, ಪಾಳಿಗೆ ಬಂದ ವಿದ್ಯಾರ್ಥಿ ತನಗೆ ಇಷ್ಟವಾದದ್ದನ್ನು ಹಾಕುತ್ತಾನೆ. ಆರ್.ಇ.ಎಂ. ಒಂದು ವ್ಯಾನಿನಲ್ಲಿ ವಾದ್ಯ ತುಂಬಿಕೊಂಡು ಆ ಕೇಂದ್ರಗಳಿದ್ದ ಊರುಗಳನ್ನೆಲ್ಲ ಸುತ್ತಿತು.

ಅವರ ಮೊದಲ ಕಚೇರಿ 1980ರ ಏಪ್ರಿಲ್ 5ರಂದು, ಅಥೆನ್ಸ್‌ನ ಒಂದು ಪಾಳು ಚರ್ಚಿನಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ. ಬಕ್ ಮತ್ತು ಸ್ಟೈಪ್ ಅಲ್ಲೇ ವಾಸವಾಗಿದ್ದರು. ನಾನು ನೋಡಲು ಹೋದಾಗ ಚರ್ಚು ಕೆಡವಿ ವಸತಿ ಕಟ್ಟಡ ಎದ್ದಿತ್ತು. ಗೋಪುರವನ್ನು ಮಾತ್ರ ಉಳಿಸಿದ್ದರು. ಕಾರು ನಿಲ್ಲಿಸುವ ಜಾಗದ ಪಕ್ಕ, ಏನನ್ನೂ ಹೊತ್ತಿರದ ಒಂಟಿ ಗೋಪುರ. ಅದರ ಎದುರು ನಿಂತು, ಆ ಕಾಲದ ಅವರ ಹಾಡುಗಳಿಗೆಲ್ಲ ನಾಲ್ವರ ಹೆಸರೂ ಸಮವಾಗಿ ಇರುತ್ತದೆ ಎಂಬುದು ನೆನಪಾಯಿತು. ಯಾರು ರಾಗ ಕಟ್ಟಿದರು, ಯಾರು ಮಾತು ಬರೆದರು ಅಂತ ಬೇರೆ ಮಾಡಿ ಹೇಳುವುದಿಲ್ಲ. ಬೆರಿ, ಬಕ್, ಮಿಲ್ಸ್, ಸ್ಟೈಪ್, ಅಷ್ಟೇ. ಸಂಗೀತದಲ್ಲೂ ಹಾಗೇ ಕೇಳಿಸುತ್ತದೆ. ಬಹಳ ಕಡೆ ಮೈಕ್ ಮಿಲ್ಸ್‌ನ ಬೇಸ್ ಗಿಟಾರೇ ರಾಗ ಹೊತ್ತು ಮುಂದೆ ನಡೆಯುತ್ತದೆ, ಬಕ್ ಹಿಂದೆ ತಂಬೂರಿ ಹಿಡಿದವನಂತೆ ಕೂತಿರುತ್ತಾನೆ.

‘ಮರ್ಮರ್’ ತಯಾರಾದ ರೀತಿ ಗೊತ್ತಾದಾಗ ಅವರ ಮೇಲಿನ ಪ್ರೀತಿ ಇನ್ನೂ ಹೆಚ್ಚಿತು. ರೆಕಾರ್ಡ್ ಕಂಪನಿ ಮೊದಲು ಒಬ್ಬ ಪಳಗಿದ ನಿರ್ಮಾಪಕನೊಡನೆ ಅವರನ್ನು ಕೂಡಿಸಿತು. ಆತ ಅವರಿಂದ ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ, ಮೇಲೆ ಸಿಂಥಸೈಜರ್ ಸೇರಿಸಿದ. ವೃಂದಕ್ಕೆ ಅದು ಸರಿಬರಲಿಲ್ಲ. ತಮ್ಮ ಮೊದಲ ಹಾಡುಗಳನ್ನು ವಿನ್‌ಸ್ಟನ್-ಸೇಲಮ್‌ನಲ್ಲಿ ತನ್ನ ತಂದೆತಾಯಿಯ ಮನೆಯ ಗ್ಯಾರೇಜಿನಲ್ಲಿ ಧ್ವನಿಮುದ್ರಿಸಿದ್ದ ಮಿಚ್ ಈಸ್ಟರ್‌ನೇ ಬೇಕು ಅಂದರು. ಅವನು ಡಾನ್ ಡಿಕ್ಸನ್ ಎಂಬ ಗೆಳೆಯನನ್ನು ಜೊತೆಗೂಡಿಸಿಕೊಂಡ. 1983ರ ಮೊದಲ ತಿಂಗಳುಗಳಲ್ಲಿ, ನಾರ್ತ್ ಕ್ಯಾರೊಲೈನಾದ ಷಾರ್ಲಟ್ ಊರಿನ ಸ್ಟುಡಿಯೋ ಒಂದರಲ್ಲಿ ಕೂತು ಕೆಲಸ ಮುಗಿಸಿದರು. ಗಿಟಾರಿನ ಮೆರೆದಾಟ ಬೇಡ, ಆ ಕಾಲದ ಸಿಂಥಸೈಜರ್ ಬೇಡ, ಇದು ಅವರು ಹಾಕಿಕೊಂಡ ಗೆರೆ. ಏಪ್ರಿಲಿನಲ್ಲಿ ಹೊರಬಂದ ರೆಕಾರ್ಡು ಅಮೆರಿಕದ ಪಟ್ಟಿಯಲ್ಲಿ 36ನೇ ಸ್ಥಾನದವರೆಗೆ ಹೋಯಿತು. ಆದರೆ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಆ ವರ್ಷದ ಅತ್ಯುತ್ತಮ ಎಂದು ಆರಿಸಿದ್ದು ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಅನ್ನು ಅಲ್ಲ, ಇದನ್ನು.

ಸ್ಟೈಪ್ ಹಾಡುವ ಮಾತುಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅವು ಅರ್ಥವಾಗುತ್ತಿರಲಿಲ್ಲ. ಅಮೆರಿಕಕ್ಕೆ ಹೊಸಬಳು, ತರಗತಿಯಲ್ಲಿ ಯಾರಾದರೂ ಬೇಗ ಮಾತಾಡಿದರೆ ಅರ್ಧ ಕೈತಪ್ಪುತ್ತಿತ್ತು. ಇದೂ ನನ್ನ ಇಂಗ್ಲಿಷಿನ ಕೊರತೆಯೇ ಎಂದು ನಂಬಿ, ಒಂದೊಂದು ಸಾಲನ್ನು ಹತ್ತು ಸಲ ತಿರುಗಿಸಿ ಕೇಳಿ ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಕಡೆಗೆ ಅದೇ ಅಂಗಡಿಯವನನ್ನು ಕೇಳಿದೆ. ಅವನು ಇಪ್ಪತ್ತೈದು ವರ್ಷದಿಂದ ಕೇಳುತ್ತಿದ್ದರೂ ಅರ್ಧದಷ್ಟು ಮಾತು ತನಗೂ ಗೊತ್ತಿಲ್ಲ ಅಂದ. ಅಂದು ರಾತ್ರಿ ನಾನು ವಹಿ ಮುಚ್ಚಿಟ್ಟು ಕೇಳಿದೆ. ಬಂದ ಮೊದಲ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರವೊಂದು ಇಳಿಯಿತು. ಈ ಊರಿನ ಮಣ್ಣಿನಲ್ಲೇ ಬೆಳೆದವರಿಗೂ ನನಗೂ ಇಲ್ಲಿ ಒಂದೇ ಜಾಗ.

ಖಯಾಲ್ ಕೇಳುವಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ವಿಲಂಬಿತದ ಬಂದಿಶಿನಲ್ಲಿ ಎರಡು ಸಾಲು ಬ್ರಜಭಾಷೆ. ಅದರ ಅಕ್ಷರಗಳು ಸ್ವರದಲ್ಲಿ ನೆನೆದು, ಹಿಗ್ಗಿ, ಕರಗಿಹೋಗುತ್ತವೆ. ಸಪ್ತಾಪುರದ ಪಡಸಾಲೆಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರಲ್ಲಿ ಯಾರಿಗೂ ಬ್ರಜಭಾಷೆ ಬರುತ್ತಿರಲಿಲ್ಲ. ಆರ್.ಇ.ಎಂ.ನ ಎರಡನೆಯ ರೆಕಾರ್ಡಿನ ಕೆಲಸ ನಡೆದಾಗ ಸ್ಟೈಪ್‌ನ ಕಂಠ ಏಳುತ್ತಿರಲಿಲ್ಲವಂತೆ. ಡಿಕ್ಸನ್ ಸ್ಟುಡಿಯೋದಲ್ಲಿ ಬಿದ್ದಿದ್ದ ಯಾವುದೋ ಭಕ್ತಿಗೀತೆಯ ಎಲ್‌ಪಿಯನ್ನು ಕೈಗೆ ಕೊಟ್ಟ. ಸ್ಟೈಪ್ ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ಪರಿಚಯದ ಮಾತುಗಳನ್ನೇ ತನ್ನ ಹಾಡಿನ ಧಾಟಿಗೆ ಕೂಡಿಸಿ ಹಾಡಿಬಿಟ್ಟ. ಅದು ಆಮೇಲೆ ‘ವಾಯ್ಸ್ ಆಫ್ ಹೆರಾಲ್ಡ್’ ಎಂಬ ಹೆಸರಿನಲ್ಲಿ ಹೊರಬಂದಿದೆ. ರೆಕಾರ್ಡಿನ ಹೊದಿಕೆಯ ಮಾತು ಹಾಡಿದರೂ ಅದು ನನ್ನ ಎದೆ ಹಿಂಡುತ್ತದೆ. ಮಾತಿನ ಅರ್ಥಕ್ಕಿಂತ ಆಳದಲ್ಲಿ ಮಾತಿನ ನಾದ ಇರುತ್ತದೆ ಎಂದು ನಂಬಿದವರ ಮನೆಯಲ್ಲಿ ಬೆಳೆದವಳು ನಾನು. ಆ ನಂಬಿಕೆ ಅಷ್ಟು ದೂರದಲ್ಲಿ ಇನ್ನೊಬ್ಬರ ಬಾಯಲ್ಲಿ ನಿಜವಾಗುವುದನ್ನು ಕೇಳಿದೆ.

ಇಲ್ಲಿಂದ ಮುಂದೆ ಒಂದು ಎಳೆ ಹಿಡಿದರೆ ಇನ್ನೊಂದು ಕೈಗೆ ಬರುತ್ತಿತ್ತು. ಬಕ್ ಸಹನಿರ್ಮಾಪಕನಾಗಿದ್ದಾನೆಂದು ನ್ಯೂಜೆರ್ಸಿಯ ಫೀಲೀಸ್ ವೃಂದದ 1986ರ ‘ದ ಗುಡ್ ಅರ್ತ್’ ಕೇಳಿದೆ. ಹೊಲದ ಬದುವಿನ ಮೇಲೆ ಸಂಜೆ ನಡೆದಂತಿರುವ ಸಂಗೀತ. ಇವರೆಲ್ಲ ಗುರುವೆನ್ನುವ ಮೆಂಫಿಸ್‌ನ ಬಿಗ್ ಸ್ಟಾರ್ ವೃಂದವನ್ನು ಅಂಗಡಿಯವನು ಕೊಟ್ಟದ್ದು 2010ರ ಮಾರ್ಚಿನಲ್ಲಿ, ಅದರ ಹಾಡುಗಾರ ಆಲೆಕ್ಸ್ ಚಿಲ್ಟನ್ ತೀರಿಕೊಂಡ ವಾರ. 1972ರಲ್ಲಿ ಬಂದ ಅವರ ಮೊದಲ ರೆಕಾರ್ಡು ವಿತರಣೆಯ ಎಡವಟ್ಟಿನಿಂದ ಅಂಗಡಿಗಳನ್ನೇ ಸರಿಯಾಗಿ ತಲುಪಲಿಲ್ಲ. ಕೈಗೆ ಸಿಕ್ಕ ಕೆಲವರು ಮಾತ್ರ ಅದನ್ನು ಬೀಜದಂತೆ ಕಾಪಿಟ್ಟರು. ಎಂಬತ್ತರ ದಶಕದ ಬೆಳೆ ಬಹುಪಾಲು ಆ ಬೀಜದ್ದು.

ಇಂಗ್ಲೆಂಡಿನ ಸ್ಮಿತ್ಸ್ ವೃಂದದ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. 1982ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ 1987ಕ್ಕೆ ಮುಗಿದುಹೋಯಿತು; ನಾಲ್ಕೇ ಸ್ಟುಡಿಯೋ ಆಲ್ಬಮ್. ಐರಿಷ್ ವಲಸಿಗರ ಮಗ ಜಾನಿ ಮಾರ್ ಅದರ ಗಿಟಾರ್ ವಾದಕ. ‘ದಿಸ್ ಚಾರ್ಮಿಂಗ್ ಮ್ಯಾನ್’ ಹೊರಬಂದಾಗ ಅವನಿಗೆ ಇಪ್ಪತ್ತು ವರ್ಷ. ಬಕ್ ಬಿಟ್ಟ ತಂತಿಯ ಮೇಲೆ ನಿಲ್ಲುತ್ತಾನೆ. ಮಾರ್ ಪದರಿನ ಮೇಲೆ ಪದರು ಗಿಟಾರ್ ಹೆಣೆದು ಇಳಕಲ್ ಸೀರೆಯ ಸೆರಗಿನಂತೆ ಮಾಡುತ್ತಾನೆ. ಹಾಡುಗಾರನ ಕಂಠಕ್ಕಿಂತ ಆ ಸೆರಗನ್ನೇ ನಾನು ಹೆಚ್ಚು ಕೇಳಿದ್ದೇನೆ. ಗ್ಲಾಸ್ಗೋದ ಆರೆಂಜ್ ಜ್ಯೂಸ್ ವೃಂದ, 1986ರಲ್ಲಿ ಎನ್‌ಎಂಇ ಪತ್ರಿಕೆ 22 ವೃಂದಗಳ ಒಂದೊಂದು ಹಾಡು ಸೇರಿಸಿ ಹೊರತಂದ ಸಿ86 ಕ್ಯಾಸೆಟ್, ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ ಕಂಪನಿ ಎಲ್ಲವೂ ಇದೇ ಓಣಿಯವು. ಆ ಸಾರಾ ರೆಕಾರ್ಡ್ಸ್ ಅನ್ನು ಇಬ್ಬರೇ ಮನೆಯಿಂದ ನಡೆಸಿದರು, ರೆಕಾರ್ಡುಗಳ ಸಂಖ್ಯೆ 100 ಮುಟ್ಟಿದ ಕೂಡಲೇ 1995ರಲ್ಲಿ ತಾವಾಗಿ ಬಾಗಿಲು ಹಾಕಿದರು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಭೂಮಿಯ ಇನ್ನೊಂದು ತುದಿಯಲ್ಲಿ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಡುನೀಡಿನ್, ಚಳಿಯ ಊರು. 1981ರಲ್ಲಿ ರಾಜರ್ ಶೆಪರ್ಡ್ ಎಂಬ ರೆಕಾರ್ಡ್ ಅಂಗಡಿಯ ಹುಡುಗ ಕ್ರೈಸ್ಟ್‌ಚರ್ಚಿನಲ್ಲಿ ಫ್ಲೈಯಿಂಗ್ ನನ್ ಎಂಬ ಪುಟ್ಟ ಕಂಪನಿ ತೆರೆದ. ಡುನೀಡಿನ್ನಿನ ಕ್ಲೀನ್ ವೃಂದ ಅದೇ ವರ್ಷ ‘ಟ್ಯಾಲಿ ಹೋ!’ ಹಾಡನ್ನು ಕೆಲವೇ ಹತ್ತು ಡಾಲರು ಖರ್ಚಿನಲ್ಲಿ ಮಾಡಿತು, ಅದು ದೇಶದ ಮೊದಲ 20ರ ಪಟ್ಟಿಗೆ ಏರಿತು. ಆಮೇಲೆ ಅಲ್ಲಿನವರೆಲ್ಲ ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರವೊಂದರ ಸುತ್ತ ಕೂತರು. ಒಟ್ಟು ನಾಲ್ಕೇ ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿಯಬಹುದಾದ ಯಂತ್ರ ಅದು. ಹೆಚ್ಚು ಬೇಕೆಂದರೂ ಜಾಗವಿಲ್ಲ, ಆದ್ದರಿಂದ ಒಂದೊಂದು ತಂತಿಯೂ ಲೆಕ್ಕಕ್ಕೆ ಬರುತ್ತದೆ.

ಅಲ್ಲಿಯ ಚಿಲ್ಸ್ ವೃಂದದ ಮಾರ್ಟಿನ್ ಫಿಲಿಪ್ಸ್‌ನ ‘ಪಿಂಕ್ ಫ್ರಾಸ್ಟ್’ 1984ರದು. ಜ್ಯಾಂಗಲ್ ಎಂದರೆ ಬಿಸಿಲು, ಉಲ್ಲಾಸ ಎಂದುಕೊಂಡವರು ಇದನ್ನು ಕೇಳಬೇಕು. ಅದೇ ಕಿಣಿಕಿಣಿ, ಆದರೆ ಬೆಳಗಿನ ಇಬ್ಬನಿಯಲ್ಲಿ ಕೈ ಮರಗಟ್ಟಿದವರು ನುಡಿಸಿದಂತೆ ಭಯ ಹುಟ್ಟಿಸುತ್ತದೆ. ವೃಂದದ ಡ್ರಮ್ ವಾದಕ ಮಾರ್ಟಿನ್ ಬುಲ್ ರಕ್ತದ ಕ್ಯಾನ್ಸರಿನಿಂದ 1983ರಲ್ಲಿ ತೀರಿಕೊಂಡ, ತನ್ನ ಚರ್ಮದ ಜಾಕೆಟನ್ನು ಫಿಲಿಪ್ಸ್‌ಗೆ ಬಿಟ್ಟು ಹೋದ. ಫಿಲಿಪ್ಸ್ 1986ರಲ್ಲಿ ಆ ಜಾಕೆಟಿನ ಮೇಲೆಯೇ ಹಾಡು ಕಟ್ಟಿದ. ದುಃಖದ ಹಾಡಲ್ಲ, ಜೋರಾಗಿ ನಡೆಯುವ ಹಾಡು. ಸತ್ತ ಗೆಳೆಯನ ಅಂಗಿ ತೊಟ್ಟು ಬೀದಿಗಿಳಿದವನ ಹಾಡು. 2024ರ ಜುಲೈಯಲ್ಲಿ ಫಿಲಿಪ್ಸ್ ಹೋದ ಸುದ್ದಿ ಬಂದ ದಿನ ನಾನು ಬೆಳಗ್ಗೆ ಪ್ರಯೋಗದ ತಾಕಿನಲ್ಲಿ ಶೇಂಗಾದ ಸಾಲು ನೋಡುತ್ತ ನಡೆಯುತ್ತಿದ್ದೆ. ಒಮ್ಮೆಯೂ ನೋಡದ ಊರಿನ, ಒಮ್ಮೆಯೂ ಕಾಣದ ಮನುಷ್ಯನಿಗಾಗಿ ಬದುವಿನ ಮೇಲೆ ಕೂತು ಅತ್ತೆ.

ಆರ್.ಇ.ಎಂ. ಮುಗಿದದ್ದು ನಾನು ಅಥೆನ್ಸ್‌ನಲ್ಲಿದ್ದಾಗಲೇ, 2011ರ ಸೆಪ್ಟೆಂಬರ್ 21ರಂದು. ಜಗಳವಿಲ್ಲದೆ, ನಾವು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ ಎಂದು ನಾಲ್ಕು ಮಾತು ಬರೆದು ತಿಳಿಸಿದರು. ಸಂಜೆ ಅಂಗಡಿಗೆ ಹೋದೆ. ಐದಾರು ಜನ ಸುಮ್ಮನೆ ನಿಂತಿದ್ದರು. ನರೆಗೂದಲಿನವನು ‘ಮರ್ಮರ್’ ಎಲ್‌ಪಿ ಹಾಕಿದ್ದ. ಒಂದು ಬದಿ ಮುಗಿದಾಗ ತಿರುಗಿಸಿ ಹಾಕಿದ, ಅದೂ ಮುಗಿಯಿತು. ಯಾರೂ ಏನೂ ಕೊಳ್ಳಲಿಲ್ಲ.

2013ರಲ್ಲಿ ಊರಿಗೆ ಮರಳಿದೆ. ಅವ್ವನಿಗೆ ಆಗ ಹಾಡು ಹೇಳಿಕೊಡುವುದು ನಿಂತಿತ್ತು, ತಂಬೂರಿ ಗವಸು ಹಾಕಿಕೊಂಡು ಮೂಲೆಯಲ್ಲಿತ್ತು. ಒಂದು ಸಂಜೆ ಚಹಾ ಕುಡಿಯುತ್ತ, ಪರದೇಶದಲ್ಲಿ ಐದು ವರ್ಷ ಏನು ಕೇಳಿದೆ ಅಂತ ತೋರಿಸು ಅಂದಳು. ಮೊದಲು ‘ಗಾರ್ಡನಿಂಗ್ ಅಟ್ ನೈಟ್’ ಹಾಕಿದೆ, ಆರ್.ಇ.ಎಂ.ನ 1982ರ ಹಾಡು. ಹಾಡುಗಾರನ ಬಗ್ಗೆ ಅವಳು ಏನೂ ಹೇಳಲಿಲ್ಲ. ಗಿಟಾರ್ ಕೇಳುತ್ತ ಬಟ್ಟಲು ಕೆಳಗಿಟ್ಟಳು. “ಇವಂಗ ತಂತಿ ಬಿಡೂದು ಗೊತ್ತೈತಿ ನೋಡು,” ಅಂದಳು.

ಆಮೇಲೆ ಗೋ-ಬಿಟ್ವೀನ್ಸ್ ವೃಂದದ ‘ಕ್ಯಾಟಲ್ ಅಂಡ್ ಕೇನ್’ ಹಾಕಿದೆ, 1983ರದು. ಗ್ರಾಂಟ್ ಮೆಕ್ಲೆನನ್ ಮತ್ತು ರಾಬರ್ಟ್ ಫಾರ್ಸ್ಟರ್ ಬ್ರಿಸ್ಬೇನಿನ ವಿಶ್ವವಿದ್ಯಾಲಯದಲ್ಲಿ ಭೇಟಿಯಾಗಿ ಕಟ್ಟಿದ ವೃಂದ ಅದು. 2006ರಲ್ಲಿ ಮೆಕ್ಲೆನನ್ 48ನೇ ವಯಸ್ಸಿಗೆ ನಿದ್ದೆಯಲ್ಲೇ ಹೋದ; ಅವರ ಊರು ತನ್ನ ನದಿಯ ಮೇಲೆ 2010ರಲ್ಲಿ ತೆರೆದ ಹೊಸ ಸೇತುವೆಗೆ ಆ ವೃಂದದ ಹೆಸರಿಟ್ಟಿತು. ಈ ಹಾಡನ್ನು ಅವನು ಬರೆದದ್ದು ಲಂಡನ್ನಿನಲ್ಲಿ, ಗೆಳೆಯನ ಗಿಟಾರ್ ಎತ್ತಿಕೊಂಡು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ದೂರದ ಶಾಲೆಯಲ್ಲಿ ಓದುವ ಹುಡುಗ, ರಜೆಗೆ ರೈಲಿನಲ್ಲಿ ಕಬ್ಬಿನ ಗದ್ದೆಗಳ ನಡುವೆ ಮನೆಗೆ ಬರುತ್ತಾನೆ. ಅವನ ತಾಯಿಗಾಗಿ ಬರೆದ ಹಾಡು. ಅವ್ವನಿಗೆ ನಾನು ಇದನ್ನೆಲ್ಲ ಇನ್ನೂ ಹೇಳಿರಲಿಲ್ಲ.

ಅವಳ ಬಲಗೈ ಅಭ್ಯಾಸದಂತೆ ತೊಡೆಯ ಮೇಲೆ ತಾಳ ಹಾಕತೊಡಗಿತು. ಎರಡು ಆವರ್ತನದಲ್ಲಿ ತಪ್ಪಿತು. ಹುಬ್ಬು ಗಂಟಾಯಿತು. ಆ ವೃಂದದ ಲಿಂಡಿ ಮಾರಿಸನ್‌ಳ ಡ್ರಮ್ಮಿನ ಕಡೆ ಕಿವಿ ವಾಲಿಸಿ ಮತ್ತೆ ಶುರು ಮಾಡಿದಳು.

“ತಡಿ. ಮೊದಲಿಂದ ಹಚ್ಚು.”

ಹಚ್ಚಿದೆ. ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳು ಓಡಿಸುತ್ತ ಎಣಿಸಿದಳು. ಐದು, ಎರಡು, ನಾಲ್ಕು. ಮತ್ತೆ ಐದು, ಎರಡು, ನಾಲ್ಕು. ಮುಖ ಅರಳಿತು.

“ಹನ್ನೊಂದು ಮಾತ್ರಿ,” ಅಂದಳು. “ಯಾರವ್ವ ಈಕಿ, ಬಾರಸಾಕಿ?”

ಹೆಸರು ಹೇಳಿದೆ. ಅವ್ವ ಎದ್ದು ಹೋಗಿ ತಂಬೂರಿಯ ಗವಸು ಬಿಚ್ಚಿದಳು.